ಸ್ಕೋನ್ ಹಿಟ್ಟಿಗೆ ಚಪಾತಿಯ ಕೈ ಬೇಡ

ಹಿಟ್ಟು ಕಲಸಿದ ಮೇಲೆ ನುಣ್ಣಗಾಗುವವರೆಗೆ ನಾದುವುದು ನಮ್ಮ ಕೈಗೆ ಹತ್ತಿದ ಅಭ್ಯಾಸ. ಸ್ಕೋನ್ ಎಂದರೆ ಓವನ್ನಿನಲ್ಲಿ ಬೇಯಿಸಿ ಜಾಮ್, ಕ್ರೀಮ್ ಹಚ್ಚಿ ತಿನ್ನುವ, ಸಣ್ಣ ಬನ್ನಿನಂಥ ಬ್ರಿಟನ್ನಿನ ತಿಂಡಿ. ಅದನ್ನು ಮೊದಲ ಸಲ ಮಾಡುವಾಗ ಕೆಡುವುದು ಅಲ್ಲೇ. ಮೈದಾಕ್ಕೆ ಹಾಲು ಸೇರಿದ ಮೇಲೆ ನಾದಿದಷ್ಟೂ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಬಿಗಿಯುತ್ತದೆ. ಚಪಾತಿ ಹರಿಯದಂತೆ ಲಟ್ಟಿಸಲು ಆ ಜಿಗುಟು ಬೇಕು. ಕೈಯಲ್ಲೇ ಎರಡು ಹೋಳಾಗಿ ಬಿಚ್ಚಿಕೊಳ್ಳಬೇಕಾದ ಸ್ಕೋನ್‌ಗೆ ಬೇಡ. ಗಟ್ಟಿಯಾದರೆ ಓವನ್ನನ್ನು ಬೈಯುವ ಮೊದಲು ಎಷ್ಟು ನಾದಿದಿರಿ ಎಂದು ನೆನಪಿಸಿಕೊಳ್ಳಿ.

ಎಂಟು ಸ್ಕೋನ್‌ಗೆ ನಾನು ಇಟ್ಟುಕೊಂಡಿರುವ ಅಳತೆ ಇದು: ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಮಟ್ಟಸವಾಗಿ 3 ಟೀ ಚಮಚ, ಸಕ್ಕರೆ ಪುಡಿ 35 ಗ್ರಾಂ, ಉಪ್ಪು ಕಾಲು ಟೀ ಚಮಚ, ಬೆಣ್ಣೆ 60 ಗ್ರಾಂ, ಹಾಲು 125 ಮಿ.ಲೀ. ಬೆಣ್ಣೆಯಲ್ಲೇ ಉಪ್ಪಿದ್ದರೆ ಬೇರೆ ಉಪ್ಪು ಹಾಕುವುದಿಲ್ಲ. ಮೊಟ್ಟೆಯ ಅಗತ್ಯವಿಲ್ಲ. ಮೈದಾವನ್ನು ಲೋಟದಲ್ಲಿ ಅಳೆಯಬೇಡಿ, ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಸಣ್ಣ ತಕ್ಕಡಿ ಇದ್ದರೆ ಈ ಗೊಂದಲವಿಲ್ಲ.

ಇಂಗ್ಲೆಂಡಿನ ಪಾಕವಿಧಾನ ನೋಡಿ ಮಾಡುವವರು ಒಂದು ವಿಷಯ ಗಮನಿಸಬೇಕು. ಅಲ್ಲಿ ಹೇಳುವ ಸೆಲ್ಫ್ ರೈಸಿಂಗ್ ಹಿಟ್ಟಿನಲ್ಲಿ ಉಬ್ಬಿಸುವ ಪುಡಿ ಮೊದಲೇ ಬೆರೆತಿರುತ್ತದೆ. ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಅದರ ಜಾಗಕ್ಕೆ ಬರೀ ಮೈದಾ ಹಾಕಿದರೆ ಸ್ಕೋನ್ ಏಳುವುದೇ ಇಲ್ಲ. ಬೇಕಿಂಗ್ ಪೌಡರ್ ಜೀವಂತವಾಗಿದೆಯೇ ಎಂದೂ ನೋಡಿ: ಬಿಸಿನೀರಿಗೆ ಅರ್ಧ ಚಮಚ ಹಾಕಿದರೆ ತಕ್ಷಣ ಜೋರಾಗಿ ನೊರೆ ಬರಬೇಕು. ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ತೇವ ಹೀರಿ ಬೇಗ ಸತ್ತುಹೋಗುತ್ತದೆ.

ಬೆಣ್ಣೆಯನ್ನು ಸಣ್ಣ ಚೂರು ಮಾಡಿ ಫ್ರಿಜ್‌ನಲ್ಲಿಟ್ಟು, ಗಟ್ಟಿಯಾಗಿರುವಾಗಲೇ, ಬೇಕಿಂಗ್ ಪೌಡರ್, ಉಪ್ಪು ಬೆರೆಸಿದ ಮೈದಾಕ್ಕೆ ಹಾಕಿ ಬೆರಳ ತುದಿಯಿಂದ ಉಜ್ಜಬೇಕು. ಅಂಗೈ ಬಿಸಿ, ಅದನ್ನು ದೂರವಿಡಿ. ನಿಪ್ಪಟ್ಟಿಗೆ ಎಣ್ಣೆ ಹಾಕಿ ಹಿಟ್ಟು ತಿಕ್ಕಿದವರಿಗೆ ಈ ಕೆಲಸ ಹೊಸದಲ್ಲ. ಆದರೆ ಅಲ್ಲಿ ಕಾದ ಎಣ್ಣೆ, ಇಲ್ಲಿ ತಣ್ಣನೆಯ ಬೆಣ್ಣೆ. ದಪ್ಪ ರವೆಯಂತೆ ಕಂಡಾಗ ನಿಲ್ಲಿಸಿ. ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಚೂರು ಉಳಿದರೆ ಒಳ್ಳೆಯದೇ. ಕಾವಿಗೆ ಆ ಚೂರು ಕರಗಿ, ಅದರೊಳಗಿನ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ಏಪ್ರಿಲ್ ಸೆಕೆಯಲ್ಲಿ ಬೆಣ್ಣೆ ಕೈಗೆ ಮೆತ್ತತೊಡಗಿದರೆ ಪಾತ್ರೆ ಸಮೇತ ಹತ್ತು ನಿಮಿಷ ಫ್ರೀಜರ್‌ಗೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಹೆಚ್ಚಿರುವುದರಿಂದ ಹಾಲನ್ನು ಒಂದು ಚಮಚ ಕಡಿಮೆ ಮಾಡುತ್ತೇನೆ.

ಈಗ ಓವನ್ 220 ಡಿಗ್ರಿಗೆ ಹಚ್ಚಿ. ಓಟಿಜಿ (ರಾಡ್ ಕಾಯುವ, ಮನೆಯ ಸಣ್ಣ ಕರೆಂಟ್ ಓವನ್) ಆದರೆ ಮೇಲಿನ, ಕೆಳಗಿನ ಎರಡೂ ರಾಡ್ ಉರಿಸಿ 15ರಿಂದ 20 ನಿಮಿಷ ಕಾಯಿಸಿ. ಅರೆಬಿಸಿ ಓವನ್‌ಗೆ ಇಟ್ಟರೆ ಬೆಣ್ಣೆ ಮೊದಲೇ ಕರಗಿ ಸ್ಕೋನ್ ಹರಡಿಕೊಳ್ಳುತ್ತದೆ.

ಸಕ್ಕರೆ ಬೆರೆಸಿ, ನಡುವೆ ಗುಳಿ ಮಾಡಿ, ತಣ್ಣನೆಯ ಹಾಲನ್ನು ಒಮ್ಮೆಗೇ ಸುರಿದು ಚಾಕುವಿನಿಂದ ಕಲಸಿ. ಒಣ ಹಿಟ್ಟು ಕಾಣದಾದ ಕೂಡಲೇ ಸಾಕು. ಹಿಟ್ಟು ಒರಟಾಗಿ, ಕೈಗೆ ಸ್ವಲ್ಪ ಅಂಟುವಂತಿರುತ್ತದೆ, ಅದೇ ಸರಿ. ಅಂಟುತ್ತದೆಂದು ಇನ್ನಷ್ಟು ಮೈದಾ ಸುರಿದರೆ ಒಣಗಿ ಬಿರಿಯುತ್ತದೆ. ಹಾಲಿನ ಬದಲು ಮಜ್ಜಿಗೆ ಹಾಕುವುದಾದರೆ ಬೇಕಿಂಗ್ ಪೌಡರ್ 2 ಚಮಚಕ್ಕೆ ಇಳಿಸಿ, ಕಾಲು ಚಮಚ ಅಡುಗೆ ಸೋಡಾ ಸೇರಿಸಿ. ಸೋಡಾ ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಲಟ್ಟಣಿಗೆ ಬೇಡ. ಮೈದಾ ಉದುರಿಸಿದ ಹಲಗೆಯ ಮೇಲೆ ಅಂಗೈಯಿಂದ ತಟ್ಟಿ, ಒಮ್ಮೆ ಮಡಚಿ ಮತ್ತೆ ತಟ್ಟಿ. ದಪ್ಪ ಎರಡೂವರೆ ಸೆಂ.ಮೀ. ಇರಲೇಬೇಕು, ಮೊದಲ ಸಲ ಎಲ್ಲರೂ ತೆಳ್ಳಗೆ ತಟ್ಟುತ್ತಾರೆ, ಉಬ್ಬಿ ಸರಿಹೋಗುತ್ತದೆಂದು ನಂಬುತ್ತಾರೆ. ಅಷ್ಟು ಉಬ್ಬುವುದಿಲ್ಲ. 5 ಸೆಂ.ಮೀ. ಅಗಲದ ಅಚ್ಚನ್ನು ಮೈದಾದಲ್ಲಿ ಅದ್ದಿ ನೇರವಾಗಿ ಒತ್ತಿ, ನೇರವಾಗಿ ಎತ್ತಿ. ತಿರುಚಿದರೆ ಅಂಚು ಮುಚ್ಚಿಕೊಂಡು ಸ್ಕೋನ್ ಒಂದು ಕಡೆಗೆ ವಾಲುತ್ತದೆ. ಅಂಚು ಚೂಪಾದ ಸ್ಟೀಲ್ ಅಚ್ಚೇ ಬೇಕು. ಲೋಟದ ಮೊಂಡು ಬಾಯಿ ಹಿಟ್ಟನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಅಚ್ಚಿಲ್ಲದಿದ್ದರೆ ಹಿಟ್ಟನ್ನು ದುಂಡಗೆ ತಟ್ಟಿ ಚಾಕುವಿನಿಂದ ಎಂಟು ತ್ರಿಕೋನ ಮಾಡಿ.

ಟ್ರೇಯಲ್ಲಿ ಒಂದು ಬೆರಳಿನ ಅಂತರದಲ್ಲಿ ಜೋಡಿಸಿದರೆ ಪಕ್ಕಕ್ಕೆ ಹರಡದೆ ಮೇಲಕ್ಕೆ ಏಳುತ್ತವೆ. ಹಾಲನ್ನು ನೆತ್ತಿಗೆ ಮಾತ್ರ ಸವರಿ; ಬದಿಗೆ ಇಳಿದರೆ ಅಂಚು ಅಂಟಿ ಏಳುವುದು ನಿಲ್ಲುತ್ತದೆ. ನಡುವಿನ ಹಂತದಲ್ಲಿ 12ರಿಂದ 14 ನಿಮಿಷ. ಸಣ್ಣ ಓಟಿಜಿಯಲ್ಲಿ ಮೇಲಿನ ರಾಡ್ ಹತ್ತಿರವಿರುವುದರಿಂದ ಒಳಗೆ ಬೇಯುವ ಮೊದಲೇ ನೆತ್ತಿ ಕಪ್ಪಾಗಬಹುದು. ಹಾಗಿದ್ದರೆ ಒಂದು ಹಂತ ಕೆಳಗಿಡಿ. ತಳ ಹೊಂಬಣ್ಣಕ್ಕೆ ತಿರುಗಿ, ತಟ್ಟಿದರೆ ಟೊಳ್ಳು ಸದ್ದು ಬಂದರೆ ಆಯಿತು.

ಕೈಯಿಂದ ಬಿಡಿಸಿ ತಿನ್ನಿ, ಚಾಕು ಬೇಡ. ಇಂಗ್ಲೆಂಡಿನ ಡೆವನ್‌ನವರು ಮೊದಲು ಕ್ರೀಮ್, ಮೇಲೆ ಜಾಮ್ ಹಚ್ಚುತ್ತಾರೆ; ಕಾರ್ನ್‌ವಾಲ್‌ನವರು ಮೊದಲು ಜಾಮ್. ಅವರ ಕ್ಲಾಟೆಡ್ ಕ್ರೀಮ್ ಎಂದರೆ ಕ್ರೀಮನ್ನೇ ಅಗಲದ ಪಾತ್ರೆಯಲ್ಲಿ ನಿಧಾನವಾಗಿ ಕಾಯಿಸಿ, ತಣಿಸಿ ತೆಗೆದ ಗಟ್ಟಿ ಕೆನೆ. ಮನೆಯ ಹಾಲಿನ ಕೆನೆ ಅಷ್ಟು ಗಟ್ಟಿಯಲ್ಲ. ಆದರೂ ಎರಡು ದಿನದ ಕೆನೆಯನ್ನು ತಣ್ಣಗೆ, ಕಡೆಯದೆ ಹಾಗೇ ಹಚ್ಚಿದರೆ ಡಬ್ಬಿಯ ಕ್ರೀಮ್‌ಗಿಂತ ಎಷ್ಟೋ ಮೇಲು. ಉಳಿದ ಸ್ಕೋನ್ ಮರುದಿನಕ್ಕೆ ಒಣಗುತ್ತದೆ, 160 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ. ಕತ್ತರಿಸಿದ ಹಸಿ ಸ್ಕೋನ್‌ಗಳನ್ನು ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಹಾಗೇ ಓವನ್‌ಗೆ ಹಾಕಿ ಮೂರ್ನಾಲ್ಕು ನಿಮಿಷ ಹೆಚ್ಚು ಬೇಯಿಸುವುದು ಇನ್ನೂ ಒಳ್ಳೆಯದು.