ಹಾಸನದಿಂದ ಮೈಸೂರಿಗೆ ಎರಡು ದಿನದ ಕಾರು ಪ್ರಯಾಣ: ನಾಲ್ವರ ಖರ್ಚು ಹಿಡಿತದಲ್ಲಿಡುವುದು ಹೇಗೆ?

ಹಾಸನದಿಂದ ಮೈಸೂರು ನೇರ ದಾರಿಯಲ್ಲಿ ಸುಮಾರು 120 ಕಿ.ಮೀ. ಹೊಳೆನರಸೀಪುರ, ಹಳ್ಳಿಮೈಸೂರು, ಭೇರ್ಯ, ಕೆ.ಆರ್. ನಗರದ ಮೇಲೆ ಮೂರು ಗಂಟೆಯೊಳಗೆ ತಲುಪಬಹುದಾದ್ದರಿಂದ ಹೆಚ್ಚಿನವರು ಹೋಗುವುದೂ ಬರುವುದೂ ಅದೇ ರಸ್ತೆಯಲ್ಲಿ. ಆದರೆ ಸ್ನೇಹಿತರೋ ನೆಂಟರೋ ನಾಲ್ವರು ಸೇರಿ ಶನಿವಾರ ಹೊರಟು ಭಾನುವಾರ ರಾತ್ರಿ ಮರಳುವ ಯೋಚನೆಯಿದ್ದರೆ, ಹೋಗುವಾಗ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಶ್ರೀರಂಗಪಟ್ಟಣದ ಸುತ್ತುದಾರಿಯನ್ನೂ ಬರುವಾಗ ಹೊಳೆನರಸೀಪುರದ ನೇರ ದಾರಿಯನ್ನೂ ಹಿಡಿಯುವುದು ಮೇಲು. ಸುತ್ತು ಎಂದರೂ ಹೆಚ್ಚಾಗುವುದು ಹತ್ತಿಪ್ಪತ್ತು ಕಿಲೋಮೀಟರ್ ಅಷ್ಟೇ. ಆ ದಾರಿಯಲ್ಲಿ ನೋಡಲು ಸಿಗುವುದಕ್ಕೆ ಬಹುಪಾಲು ಟಿಕೆಟ್ಟೇ ಇಲ್ಲ.

ಇದೇ ಪ್ರವಾಸವನ್ನು ತಿರುಗುಮುರುಗು ಮಾಡಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಆದರೆ ಎರಡು ನಷ್ಟ. ಮೈಸೂರು ಅರಮನೆಯ ದೀಪಾಲಂಕಾರ ವಾರದಲ್ಲಿ ಭಾನುವಾರ ಸಂಜೆ 7 ಗಂಟೆಗೆ, ಅದಲ್ಲದೆ ಸರ್ಕಾರಿ ರಜಾ ದಿನಗಳಲ್ಲಿ ಇರುತ್ತದೆ. ಭಾನುವಾರ ಮಧ್ಯಾಹ್ನವೇ ಶ್ರವಣಬೆಳಗೊಳಕ್ಕೆ ಹೊರಟವರಿಗೆ ಅದು ತಪ್ಪುತ್ತದೆ. ಇನ್ನೊಂದು, ಶ್ರವಣಬೆಳಗೊಳದಲ್ಲಿ ಗೊಮ್ಮಟನಿರುವ ವಿಂಧ್ಯಗಿರಿಯ ಬಂಡೆಯನ್ನು ಬರಿಗಾಲಿನಲ್ಲಿ ಹತ್ತಲು ಮಧ್ಯಾಹ್ನ ತಕ್ಕ ಹೊತ್ತಲ್ಲ.

ಮೊದಲು ಲೆಕ್ಕ, ಆಮೇಲೆ ಕಾರು

ಹೋಗಿ ಬರುವುದು, ಮೈಸೂರಿನೊಳಗಿನ ಓಡಾಟ ಎಲ್ಲ ಸೇರಿ 300 ಕಿ.ಮೀ. ಎಂದು ಹಿಡಿಯಿರಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 20 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 105 ರೂಪಾಯಿಯಂತೆ ಅದು 2,100 ರೂಪಾಯಿ, ತಲೆಗೆ 525. ಇಬ್ಬರೇ ಹೋದರೆ ತಲಾ ಸಾವಿರ ದಾಟುತ್ತದೆ. ಹಾಗೆಂದು ಐದು ಸೀಟಿನ ಕಾರಿನಲ್ಲಿ ಏಳು ಜನ ಕೂರುವ ಉಳಿತಾಯ ಬೇಡ. ನೋಂದಣಿಯಲ್ಲಿರುವ ಸೀಟಿಗಿಂತ ಹೆಚ್ಚು ಜನರನ್ನು ಕೂರಿಸುವುದು ಅಪರಾಧ, ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಿಮ್ಮ ತಂಡದಲ್ಲಿ ಹೆಂಗಸರೇ ಹೆಚ್ಚಿದ್ದು, ಮೈಸೂರನ್ನಷ್ಟೇ ನೋಡಿ ಬರುವ ಉದ್ದೇಶವಿದ್ದರೆ ಕಾರಿಗಿಂತ ಬಸ್ಸೇ ಅಗ್ಗ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ಟಿಕೆಟ್ ಹಣ ಕೊಡಬೇಕಿಲ್ಲ. ಹೊಳೆನರಸೀಪುರದ ಮೇಲೆ ರೈಲೂ ಇದೆ. ಕಾರಿನ ಖರ್ಚು ಸಾರ್ಥಕವಾಗುವುದು ನಡುದಾರಿಯಲ್ಲಿ ಇಳಿದು ಹತ್ತಿ ಮಾಡುವವರಿಗೆ.

ಸ್ವಂತ ಕಾರು ಇಲ್ಲದವರು ಪರಿಚಯದವರ ಬಿಳಿ ಬೋರ್ಡ್ ಕಾರನ್ನು ದಿನಕ್ಕಿಷ್ಟು ಎಂದು ಬಾಡಿಗೆಗೆ ಪಡೆಯುವುದು ನಮ್ಮ ಕಡೆ ಸಾಮಾನ್ಯ. ದರ ಕಡಿಮೆ, ನಿಜ. ಆದರೆ ಖಾಸಗಿ ನೋಂದಣಿಯ ವಾಹನವನ್ನು ಬಾಡಿಗೆಗೆ ಓಡಿಸಲು ಪರವಾನಗಿ ಇರುವುದಿಲ್ಲ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಅದೊಂದೇ ಕಾರಣ ಸಾಕು. ಬಾಡಿಗೆಯೇ ಆಗಬೇಕೆಂದಿದ್ದರೆ ಹಳದಿ ಬೋರ್ಡ್ ಟ್ಯಾಕ್ಸಿಗೆ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಲೆಕ್ಕ, ಚಾಲಕನ ಬಾಟಾ ಎಷ್ಟು, ರಾತ್ರಿ ತಂಗುವ ದಿನಕ್ಕೆ ಬೇರೆ ಕೊಡಬೇಕೇ ಎಂಬುದನ್ನು ಮಾತಾಡಿಕೊಂಡು ಮುಂದುವರಿಯಿರಿ.

ಒಂದೇ ಕೈಯಲ್ಲಿ ಹಣ

ಸ್ನೇಹಿತರ ನಡುವೆ ಮನಸ್ತಾಪ ಬರುವುದು ದೊಡ್ಡ ಖರ್ಚಿನಿಂದಲ್ಲ, ಕಾಫಿ, ಎಳನೀರು, ಪಾರ್ಕಿಂಗ್‌ನಂಥ ಚಿಲ್ಲರೆ ಖರ್ಚಿನಿಂದ. ಹೊರಡುವ ಮೊದಲೇ ಎಲ್ಲರೂ ಸಮನಾದ ಮೊತ್ತವನ್ನು, ಉದಾಹರಣೆಗೆ ತಲಾ 2,000 ರೂಪಾಯಿಯನ್ನು, ಒಬ್ಬರಿಗೆ ಕೊಟ್ಟುಬಿಡಿ. ಸಾಮಾನ್ಯವಾಗಿ ಕಾರು ಓಡಿಸದವರು ಈ ಹೊಣೆಗೆ ಸೂಕ್ತ. ಇಂಧನ, ಟೋಲ್, ಪಾರ್ಕಿಂಗ್, ಕೊಠಡಿ, ಊಟ-ತಿಂಡಿ ಇಷ್ಟು ಆ ಗಂಟಿನಿಂದ. ರೇಷ್ಮೆ ಸೀರೆ, ಮೈಸೂರು ಪಾಕ್, ಮಕ್ಕಳ ಆಟಿಕೆ ಅವರವರ ಜೇಬಿನಿಂದ. ಕಾರು ಕೊಟ್ಟವರು ಇಂಧನದ ಪಾಲು ಕೊಡಬೇಕೇ ಬೇಡವೇ ಎಂಬುದನ್ನೂ ಆಗಲೇ ಬಗೆಹರಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಬೇಡ. ಟೈರಿನ ಸವೆತ, ಸರ್ವೀಸಿನ ಖರ್ಚು ಹೇಗೂ ಅವರದೇ.

ಶನಿವಾರ

ಬೆಳಿಗ್ಗೆ 6 ಗಂಟೆಗೆ ಹಾಸನ ಬಿಡಿ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಾಂತಿಗ್ರಾಮದ ಟೋಲ್ ಸಿಗುತ್ತದೆ. ಫಾಸ್ಟ್ಯಾಗ್ ಖಾತೆಯಲ್ಲಿ ಹಣವಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ಏಕೆಂದರೆ ಫಾಸ್ಟ್ಯಾಗ್ ಕೆಲಸ ಮಾಡದೆ ನಗದು ಕೊಟ್ಟರೆ ಶುಲ್ಕ ದುಪ್ಪಟ್ಟು. ಚನ್ನರಾಯಪಟ್ಟಣದಲ್ಲಿ ಬಲಕ್ಕೆ ತಿರುಗಿದರೆ ಏಳೂಕಾಲರ ಹೊತ್ತಿಗೆ ಶ್ರವಣಬೆಳಗೊಳ.

ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿನಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟನನ್ನು ನೋಡಲು ಶುಲ್ಕವಿಲ್ಲ. ಚಪ್ಪಲಿಯನ್ನು ಕೆಳಗೇ ಬಿಟ್ಟು, ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಬೇಕು. ಕೆಳಗೆ ಕಾಲುಚೀಲ ಮಾರುತ್ತಾರೆ. ಮನೆಯಿಂದ ಒಂದು ಹಳೆಯ ಜೊತೆ ತಂದರೆ ಆ ಖರ್ಚೂ ಇಲ್ಲ. ಹೊತ್ತೇರುವ ಮೊದಲು ಹತ್ತಿದರೆ ಬಂಡೆ ತಣ್ಣಗಿರುತ್ತದೆ. ಹತ್ತೂವರೆಯ ಹೊತ್ತಿಗೆ ಅದೇ ಬಂಡೆಯ ಮೇಲೆ ಜನ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಓಡುತ್ತಾ, ಕಂಬಿ ಹಿಡಿದು ಅಷ್ಟಿಷ್ಟು ನೆರಳಿರುವಲ್ಲಿ ನಿಲ್ಲುತ್ತಾ ಇಳಿಯುವುದನ್ನು ಬೇಸಿಗೆಯಲ್ಲಿ ಯಾರಾದರೂ ನೋಡಬಹುದು. ಮಂಡಿ ನೋವಿನವರಿಗೆ ಡೋಲಿ ಸಿಗುತ್ತದೆ, ಅದಕ್ಕೆ ಹಣ ಕೊಡಬೇಕು. ಬುತ್ತಿ ಕಟ್ಟಿ ತಂದಿದ್ದರೆ ಬೆಟ್ಟ ಇಳಿದ ಮೇಲೆ ಬಿಚ್ಚಿ, ಹತ್ತುವ ಮೊದಲಲ್ಲ.

ಅಲ್ಲಿಂದ ಕಿಕ್ಕೇರಿ, ಕೆ.ಆರ್. ಪೇಟೆ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣ. ಮೇಲುಕೋಟೆಯ ಪುಳಿಯೋಗರೆ ನೆನಪಾಗಿ ಯಾರಾದರೂ ಆ ಕಡೆ ತಿರುಗಿಸೋಣ ಎಂದೇ ಅನ್ನುತ್ತಾರೆ. ಅರ್ಧ ದಿನ ಅಲ್ಲೇ ಕಳೆಯುವುದರಿಂದ ಈ ಸಲಕ್ಕೆ ಅದನ್ನು ಬಿಡುವುದು ಒಳ್ಳೆಯದು. ಶ್ರೀರಂಗಪಟ್ಟಣದಲ್ಲಿ ದೇವಾಲಯ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಆ ಹೊತ್ತಿಗೆ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರಗಳನ್ನು ನೋಡಬಹುದು. ಕೇಂದ್ರ ಪುರಾತತ್ವ ಇಲಾಖೆಯ ಈ ಸ್ಮಾರಕದ ಟಿಕೆಟ್ ದುಬಾರಿಯಲ್ಲ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ.

ಕೊಠಡಿ

ಇಡೀ ಪ್ರವಾಸದಲ್ಲಿ ಕೈ ಕಚ್ಚುವುದು ಇದೊಂದೇ. ಮೈಸೂರಿನ ಬಸ್ ನಿಲ್ದಾಣ, ಗಾಂಧಿ ಚೌಕ, ಧನ್ವಂತರಿ ರಸ್ತೆಯ ಸುತ್ತ ಸಾಧಾರಣ ಲಾಡ್ಜ್‌ಗಳಿವೆ. ಫೋನಿನಲ್ಲಿ ದರ ಕೇಳುವ ಮೊದಲು ಕಾರು ನಿಲ್ಲಿಸಲು ಜಾಗವಿದೆಯೇ, ಒಂದೇ ಕೊಠಡಿಗೆ ಹೆಚ್ಚುವರಿ ಹಾಸಿಗೆ ಕೊಡುತ್ತಾರೆಯೇ ಎಂದು ಕೇಳಿ. ಅದಕ್ಕಿಂತ ಮುಖ್ಯವಾದುದು ಕೊಠಡಿ ಬಿಡುವ ವೇಳೆ. ಮಧ್ಯಾಹ್ನ 12ಕ್ಕೆ ಬಿಡಬೇಕಾದಲ್ಲಿ ನೀವು ಶನಿವಾರ ಸಂಜೆ 5ಕ್ಕೆ ಬಂದರೂ ಪೂರ್ತಿ ಬಾಡಿಗೆಯೇ. 24 ಗಂಟೆಯ ಲೆಕ್ಕದ ಲಾಡ್ಜ್ ಸಿಕ್ಕರೆ ಭಾನುವಾರ ಸಂಜೆ 5ರವರೆಗೂ ಕೊಠಡಿ ನಿಮ್ಮದೇ. ಚಾಮುಂಡಿ ಬೆಟ್ಟ ಸುತ್ತಿ ಬಂದು, ಕಾರು ಓಡಿಸುವವರು ಮಧ್ಯಾಹ್ನ ಎರಡು ಗಂಟೆ ಮಲಗಬಹುದು. ರಾತ್ರಿಯ ಪಯಣಕ್ಕೆ ಈ ನಿದ್ದೆ ಅಗತ್ಯ. ಗುರುತಿನ ಚೀಟಿ ಎಲ್ಲರ ಬಳಿಯೂ ಇರಲಿ. ದಸರಾ ದಿನಗಳಲ್ಲಿ ಈ ಯಾವ ಲೆಕ್ಕವೂ ನಡೆಯದು, ಆಗ ಕಡಿಮೆ ಖರ್ಚಿನ ಪ್ರವಾಸದ ಮಾತೇ ಬೇಡ.

ಭಾನುವಾರ ಮತ್ತು ಮರಳುವ ದಾರಿ

ಬೆಳಿಗ್ಗೆ ಬೇಗ ಚಾಮುಂಡಿ ಬೆಟ್ಟ. ಆಮೇಲೆ ಅರಮನೆ ಅಥವಾ ಮೃಗಾಲಯ, ಎರಡರಲ್ಲಿ ಒಂದು ಮಾತ್ರ. ಮಕ್ಕಳಿದ್ದರೆ ಮೃಗಾಲಯ, ಇಲ್ಲದಿದ್ದರೆ ಅರಮನೆ ಎಂದು ಶನಿವಾರ ರಾತ್ರಿಯೇ ತೀರ್ಮಾನಿಸಿಕೊಳ್ಳಿ. ಸಂಜೆಯ ದೀಪಾಲಂಕಾರಕ್ಕೆ ಅರಮನೆಯ ಆವರಣದೊಳಗೆ ಟಿಕೆಟ್ ಇಲ್ಲದೆ ಬಿಡುತ್ತಾರೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುವ ಆ ಕ್ಷಣಕ್ಕೆ ಆರೂಮುಕ್ಕಾಲಕ್ಕೇ ಒಳಗಿರಬೇಕು. ಪೂರ್ತಿ ಮುಗಿಯುವವರೆಗೆ ನಿಂತರೆ ಪಾರ್ಕಿಂಗ್‌ನಿಂದ ಕಾರು ಹೊರತೆಗೆಯಲು ಅರ್ಧ ಗಂಟೆ ಬೇಕು, ಏಳೂವರೆಗೆ ಹೊರಬೀಳಿ.

ಹುಣಸೂರು ರಸ್ತೆಯಿಂದ ಕೆ.ಆರ್. ನಗರದ ಕಡೆಗೆ ತಿರುಗಿದ ಮೇಲೆ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳ ಬಗ್ಗೆ ಎಚ್ಚರವಿರಲಿ. ಸುಗ್ಗಿಯಲ್ಲಿ ಇನ್ನೊಂದು ಅಪಾಯವಿದೆ. ರೈತರು ಹುರುಳಿ, ರಾಗಿಯನ್ನು ರಸ್ತೆಗೇ ಹರಡಿ, ವಾಹನ ಹತ್ತಿದರೆ ಒಕ್ಕಣೆಯಾಗಲಿ ಎಂದು ಬಿಟ್ಟಿರುತ್ತಾರೆ. ಹುರುಳಿಯ ಬಳ್ಳಿ ಕಾರಿನ ತಳದಲ್ಲಿ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊಗೆಯಾಡಿ, ಬೆಂಕಿ ಹೊತ್ತಿಕೊಳ್ಳುವುದೂ ಉಂಟು. ಸುಟ್ಟ ಹುಲ್ಲಿನ ವಾಸನೆ ಬಂದ ಕೂಡಲೇ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ಬಗ್ಗಿ ನೋಡಬೇಕು.

ಹತ್ತೂವರೆಯ ಹೊತ್ತಿಗೆ ಹಾಸನ. ಇಂಧನದ ಲೆಕ್ಕಕ್ಕೆ ಸುಲಭ ಉಪಾಯವೆಂದರೆ ಹೊರಡುವ ಮುನ್ನಾದಿನ ಕಾರಿನವರ ಖರ್ಚಿನಲ್ಲೇ ಟ್ಯಾಂಕ್ ಭರ್ತಿ ಮಾಡಿಸಿ, ಮರಳಿದ ಮೇಲೆ ಸಾಮೂಹಿಕ ಹಣದಿಂದ ಮತ್ತೆ ಅದೇ ಬಂಕ್‌ನಲ್ಲಿ ಭರ್ತಿ ಮಾಡಿಸುವುದು. ನಡುವೆ ಎಲ್ಲಾದರೂ ಹಾಕಿಸಿದ್ದರೆ ಅದನ್ನೂ ಸೇರಿಸಿಕೊಂಡು, ಉಳಿದ ಹಣವನ್ನು ಇಂಧನದ ಪಾಲಿನ ಬಗ್ಗೆ ಮೊದಲೇ ಒಪ್ಪಿಕೊಂಡಂತೆ ಹಂಚಿ ಸೋಮವಾರವೇ ಹಿಂದಿರುಗಿಸಿಬಿಡಿ.