ಬಚ್ಚಲುಮನೆಯಲ್ಲಿ ಕಾಫಿಗೆ ಬಿದ್ದ ಫಿಲ್ಮು

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಹಳೇ ಸ್ಟುಡಿಯೋದ ಅಣ್ಣ ಒಬ್ಬರಿದ್ದಾರೆ. ಮೂವತ್ತು ವರ್ಷ ಡಾರ್ಕ್‌ರೂಮಲ್ಲಿ ಕಳೆದವರು. ಎರಡು ವರ್ಷದ ಹಿಂದೆ ಅವರ ಮುಂದೆ "ಕಾಫಿಪುಡಿಯಲ್ಲಿ ರೀಲು ತೊಳೀತೀನಿ ಅಣ್ಣ" ಅಂದೆ. "ಕಾಫಿ ಇರೋದು ಕುಡಿಯೋಕೆ ಮಾರಾಯ, ಸುಮ್ನೆ ಬೆಂಗಳೂರಿಗೆ ಕಳಿಸು" ಅಂದರು. ಕಳೆದ ಆಗಸ್ಟಲ್ಲಿ ಅದೇ ಅಣ್ಣ ನನ್ನ ನೆಗೆಟಿವ್ ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, "ಇದು ಯಾವ ಡೆವಲಪರು?" ಅಂತ ಕೇಳಿದರು. ಇದನ್ನು ಬರೆಯೋಕೆ ಅಷ್ಟು ಸಾಕಲ್ವಾ?

ಕ್ಯಾಮೆರಾ ಯಾಶಿಕಾ ಮ್ಯಾಟ್-124ಜಿ, ಮೇಲಿಂದ ಬಗ್ಗಿ ನೋಡುವ ಹಳೇ ಫಿಲ್ಮ್ ಕ್ಯಾಮೆರಾ. ಸಾಗರದ ಕಡೆ ಒಬ್ಬರ ಅಟ್ಟದಲ್ಲಿತ್ತು. ಹನ್ನೊಂದೋ ಹನ್ನೆರಡೋ ಸಾವಿರ ಕೊಟ್ಟೆ. ಲೆನ್ಸಿನ ಬೂಷ್ಟು ತೆಗೆಸೋಕೆ ಇನ್ನೆರಡೂವರೆ ಸಾವಿರ ಹೋಯಿತು. ಬೆಳಕು ಅಳೆಯುವ ಮೀಟರ್ ಸತ್ತಿದೆ. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ಬರುವುದೂ ಇಲ್ಲ, ನಾನು ತಲೆ ಕೆಡಿಸಿಕೊಂಡೂ ಇಲ್ಲ. ಜುಲೈ ತಿಂಗಳ ಅಡಿಕೆ ತೋಟದೊಳಗೆ ಎಚ್‌ಪಿ5 ಅನ್ನೋ ಕಪ್ಪುಬಿಳುಪು ಫಿಲ್ಮ್ ಹಾಕಿದರೆ ಲೆನ್ಸಿನ ಬಾಯಿ ಎಫ್ 4, ಶಟರ್ 1/30 ಸೆಕೆಂಡ್. ಜಡಿಮಳೆ ಬಂದರೆ ಎಫ್ 3.5. ಮೂರು ಮಳೆಗಾಲ ಓಡಾಡಿದರೆ ಯಾರಿಗೂ ಇಷ್ಟು ಗೊತ್ತಾಗುತ್ತದೆ. ಕಂಬಳಿ ಕೊಪ್ಪೆ ಹೊದ್ದು ಬಗ್ಗಿ ಫೈಂಡರಿನೊಳಗೆ ನೋಡುವ ಸುಖ ಬೇರೆ ಯಾವ ಕ್ಯಾಮೆರಾದಲ್ಲೂ ಸಿಗಲಿಲ್ಲ. ಹೊರಗಿನ ಬೆಳಕಿಗೂ ಕೊಪ್ಪೆಯೇ ಅಡ್ಡ, ಮಳೆಗೂ ಕೊಪ್ಪೆಯೇ ಅಡ್ಡ. ಎದುರಿಗಿದ್ದವರಿಗೆ ಫೋಟೋ ತೆಗೀತಿದ್ದಾನೋ ಜಿಗಣೆ ಕೀಳುತ್ತಿದ್ದಾನೋ ಗೊತ್ತಾಗುವುದಿಲ್ಲ. ಸಕ್ರೆಬೈಲಿನಲ್ಲಿ ಆನೆ ಮೈ ತೊಳೆಯುತ್ತಿದ್ದ ಮಾವುತರೂ ನನ್ನ ಕಡೆ ತಿರುಗಲಿಲ್ಲ.

ಕಷ್ಟ ದುಡ್ಡಿನದು. ಆಗ ರೀಲಿಗೆ ಒಂಬೈನೂರರ ಮೇಲೆ. ತೊಳೆದು ಸ್ಕ್ಯಾನ್ ಮಾಡೋಕೆ ಐನೂರು. ಹೋಗಿ ಬರುವ ಕೊರಿಯರ್ ಬೇರೆ. ಹನ್ನೆರಡು ಫೋಟೋಗೆ ಸಾವಿರದ ಆರುನೂರು! ಅಷ್ಟು ಕೊಟ್ಟೂ ಒಂದು ಸಲ ಕಳಿಸಿದ ಎರಡು ರೀಲಲ್ಲಿ ಒಂದು ಉದ್ದಕ್ಕೂ ಗೀರು ಬಿದ್ದು ಬಂತು. ಅವತ್ತೇ ಮನೆಯಲ್ಲಿ ಫಿಲ್ಮ್ ತೊಳೆಯುವ ಟ್ಯಾಂಕ್ ತರಿಸಿದೆ.

ಕೆಫೆನಾಲ್, ಅಂದರೆ ಫಿಲ್ಮಲ್ಲಿ ಚಿತ್ರ ಮೂಡಿಸುವ ಕಾಫಿ ಡೆವಲಪರು, ನನ್ನ ಕಂಡುಹಿಡಿತವಲ್ಲ. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ತರಗತಿಯಲ್ಲಿ ಹುಟ್ಟಿದ್ದು. ಲೀಟರಿಗೆ 40 ಗ್ರಾಂ ಇನ್‌ಸ್ಟಂಟ್ ಕಾಫಿ, 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 20 ಡಿಗ್ರಿಗೆ 15 ನಿಮಿಷ. ಹಾಗೇ ಮಾಡಿದೆ. ಮೊದಲ ರೀಲು ಗಾಜಿನಂತೆ ಖಾಲಿ. ಎರಡನೆಯದರಲ್ಲಿ ಕವಲೇದುರ್ಗದ ಕೋಟೆ ಬಾಗಿಲು ದೆವ್ವದ ಹಾಗೆ ತೆಳ್ಳಗೆ ನಿಂತಿತ್ತು.

ಮೊದಲು ಕಾಫಿಯ ಮೇಲೆ ಅನುಮಾನ ಬಂತು. ಡಬ್ಬ ತಿರುಗಿಸಿ ಓದಿದರೆ ಅರ್ಧಕ್ಕರ್ಧ ಚಿಕೋರಿ. ಚಿಕೋರಿಯಿಲ್ಲದ್ದು ತಂದೆ. ಕೊಪ್ಪದ ಭಾವನ ತೋಟದ ರೋಬಸ್ಟಾ ಹುರಿದು ಡಿಕಾಕ್ಷನ್ ಇಳಿಸಿಯೂ ನೋಡಿದೆ. ಚಿತ್ರ ಬಂತು, ಆದರೆ ಒಂದೊಂದು ಸಲ ಒಂದೊಂದು ಥರ. ಅದರ ಹಿಂದೆ ಎರಡು ತಿಂಗಳು ಹಾಳಾಯಿತು. ಭಾವ ಮಾತ್ರ ಈಗಲೂ "ನಮ್ಮ ಕಾಫಿ ಫೋಟೋ ತೊಳೆಯುತ್ತೆ" ಅಂತ ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಾರೆ.

ನಿಜವಾದ ಕಳ್ಳ ಸೋಡಾ. ನಮ್ಮ ಅಂಗಡಿಯಲ್ಲಿ ಸಿಗುವುದು ಹರಳು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ನೀರೇ. ಆ ಲೆಕ್ಕದ 54 ಗ್ರಾಂ ಒಣಪುಡಿಯದ್ದು. ನಾನು ಹಾಕುತ್ತಿದ್ದ 54 ಗ್ರಾಂ ಹರಳಿನಲ್ಲಿ ಸೋಡಾ ಇಪ್ಪತ್ತು ಗ್ರಾಂ ಅಷ್ಟೇ, ಅದರಲ್ಲೂ ಅರ್ಧ ವಿಟಮಿನ್ ಸಿಯ ಹುಳಿ ಮುರಿಯೋಕೇ ಖರ್ಚು. ಹಳೇ ಕಬ್ಬಿಣದ ಕಾವಲಿಯ ಮೇಲೆ ಹರಳು ಸುರಿದೆ. ಮೊದಲು ತನ್ನ ನೀರಲ್ಲೇ ಕರಗಿತು, ಆಮೇಲೆ ಬುರುಬುರು ಕುದಿಯಿತು. ಕೊನೆಗೆ ಅಂಚಿಂದ ಬೆಳ್ಳಗಾಗುತ್ತಾ ಬಂದು ಅಕ್ಕಿಹಿಟ್ಟಿನ ಹಾಗೆ ಉದುರಾಯಿತು. ಕಾಲು ಕಿಲೋ ಹರಳಿಗೆ ನೂರು ಗ್ರಾಂ ಚಿಲ್ಲರೆ ಪುಡಿ ಸಿಕ್ಕಿತು. ಬಿಸಿ ಇದ್ದಾಗಲೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿದೆ. ನಮ್ಮ ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಅದು ಮತ್ತೆ ನೀರು ಎಳೆದುಕೊಳ್ಳುತ್ತದೆ. ಕಾವಲಿ ವಿಷಯ ಅಮ್ಮನಿಗೆ ಗೊತ್ತಾದ ದಿನ ದೋಸೆ ಆಗಲಿಲ್ಲ.

ಮುಂದಿನ ರೀಲು ಸೋಡಾದಿಂದ ಹಾಳಾಗಲಿಲ್ಲ, ನನ್ನ ಬುದ್ಧಿಯಿಂದ ಹಾಳಾಯಿತು. ಕರೆಂಟ್ ಹೋದ ರಾತ್ರಿ ಬಚ್ಚಲುಮನೆಗಿಂತ ಒಳ್ಳೆ ಡಾರ್ಕ್‌ರೂಮ್ ಇಲ್ಲ ಅಂತ ಬಾಗಿಲು ಹಾಕಿಕೊಂಡು ಫಿಲ್ಮ್ ಸುತ್ತಿದೆ. ಹಂಡೆ ಒಲೆಯಲ್ಲಿ ಕೆಂಡ ಉಳಿದಿತ್ತು. ಎಚ್‌ಪಿ5ಗೆ ಕೆಂಪು ಬೆಳಕೂ ಬೆಳಕೇ. ಇದನ್ನು ಸ್ಟುಡಿಯೋ ಅಣ್ಣನಿಗೆ ಇವತ್ತಿಗೂ ಹೇಳಿಲ್ಲ.

ಈಗ ಮಾಡುವುದು ಇಷ್ಟು. ಬಾವಿ ನೀರು, ಮಳೆಗಾಲದಲ್ಲಿ 22 ಡಿಗ್ರಿ ಆಸುಪಾಸು ಇರುತ್ತದೆ. ಬಯಲುಸೀಮೆಯ ಗೆಳೆಯರು ಐಸ್ ಹುಡುಕುತ್ತಾರೆ, ನಾನು ಕೊಡ ಸೇದುತ್ತೇನೆ. ಸುಮಾರು 13 ನಿಮಿಷ. ಫಿಲ್ಮ್ ಮಂಕಾಗದ ಹಾಗೆ ಒಂದು ಚಿಟಿಕೆ ಏನನ್ನೋ ಹಾಕುತ್ತೇನೆ. ಅಡುಗೆಮನೆಯದ್ದೇ, ಏನು ಅಂತ ಹೇಳುವುದಿಲ್ಲ. ಆಮೇಲೆ ಚಿತ್ರ ನಿಲ್ಲಿಸೋಕೆ ಹೈಪೋ. ತೊಳೆಯೋಕೆ ರೀಲಿಗೆ ಎಂಬತ್ತು ತೊಂಬತ್ತು ರೂಪಾಯಿ ಬೀಳುತ್ತದೆ. ವಾಸನೆ ಬೇರೆ, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಮನೆಯಲ್ಲಿ ಆ ದಿನ ಯಾರೂ ಕಾಫಿ ಕುಡಿಯುವುದಿಲ್ಲ.

ಒಣಗಿಸೋದೇ ದೊಡ್ಡ ಕಥೆ. ರಾತ್ರಿಯಿಡೀ ನೇತು ಹಾಕಿದರೂ ಬೆಳಿಗ್ಗೆ ಮುಟ್ಟಿದರೆ ಅಂಟು. ಒಂದು ರೀಲಿಗೆ ಮಳೆಹುಳ ಮುತ್ತಿ, ರೆಕ್ಕೆಗಳು ಫಿಲ್ಮಿನ ಮೇಲಿನ ಲೇಪಕ್ಕೆ ಅಂಟಿಕೊಂಡವು. ತೀರ್ಥಹಳ್ಳಿಯ ರಾಮ ಮಂಟಪದ ಮೇಲಿನ ಆಕಾಶದಲ್ಲಿ ಈಗಲೂ ಎರಡು ರೆಕ್ಕೆ ಇವೆ, ನರ ಎಣಿಸಬಹುದು. ಬಚ್ಚಲೊಲೆಯ ಮೇಲೆ ಕಟ್ಟಿದ್ದಕ್ಕೆ ಮಸಿ ಕೂತಿತು. ಕೊನೆಗೆ ಸೊಳ್ಳೆ ಪರದೆಯೊಳಗೆ ನೇತು ಹಾಕಿ ಕೆಳಗೊಂದು 40 ವ್ಯಾಟಿನ ಹಳೇ ಬಲ್ಬ್ ಇಟ್ಟೆ. ಏಳೆಂಟು ಗಂಟೆ ಸಾಕು. ಗಾಳಿಯೇ ಒದ್ದೆ ಇರುವುದರಿಂದ ಧೂಳಿನ ಕಾಟ ಇಲ್ಲವೇ ಇಲ್ಲ.

ನವೆಂಬರಿನಲ್ಲಿ ಇನ್ನೊಂದು ಹುಚ್ಚು ಹತ್ತಿತು. ಅಡಿಕೆ ಬೇಯಿಸುವ ಕಾಲ, ಹಂಡೆ ತುಂಬ ಚೊಗರು, ಅಡಿಕೆ ಬೆಂದ ಕೆಂಪು ನೀರು. ಕ್ಯಾಟೆಕಾಲ್ ಅನ್ನೋ ಹಳೇ ಡೆವಲಪರಿಗೆ ಹೆಸರು ಬಂದಿದ್ದೇ ನಮ್ಮ ಕಾಚಿನಿಂದ. ಹಾಗಾದರೆ ಚೊಗರು ಯಾಕಾಗಬಾರದು? ಕಾಫಿ ಬದಲು ಚೊಗರು, ಉಳಿದದ್ದೆಲ್ಲ ಅದೇ. ಅರ್ಧ ಗಂಟೆ ಬಿಟ್ಟೆ. ಫಿಲ್ಮ್ ಇಡೀ ಎಲೆಅಡಿಕೆ ಬಾಯಿಯ ಹಾಗೆ ಕೆಂಪಾಗಿ ಹೊರಗೆ ಬಂತು. ಒಳಗೆ ಸುಲಿತಕ್ಕೆ ಕೂತ ಹೆಂಗಸರು ಮಸುಕಾಗಿ ಕಾಣುತ್ತಿದ್ದರು. ಅದು ಚೊಗರಿನ ಕೆಲಸವೋ, ವಿಟಮಿನ್ ಸಿ ಒಂದೇ ಮಾಡಿದ್ದೋ ಬಿಡಿಸಿ ನೋಡಬೇಕು. ಈ ಸಲದ ಕೊಯ್ಲಿಗೆ ಒಂದು ರೀಲು ಎತ್ತಿಟ್ಟಿದ್ದೇನೆ.

ಅಣ್ಣ ಈಗ ವಾರಕ್ಕೊಮ್ಮೆ ಫೋನ್ ಮಾಡಿ ಆ ಚಿಟಿಕೆ ಏನು ಅಂತ ಕೇಳುತ್ತಾರೆ. ಅವರ ಹಿಂದಿನ ಕೋಣೆಯಲ್ಲಿ ನೆಗೆಟಿವಿಂದ ದೊಡ್ಡ ಪ್ರಿಂಟ್ ತೆಗೆಯುವ ಒಂದು ಎನ್‌ಲಾರ್ಜರ್ ಧೂಳು ತಿನ್ನುತ್ತಾ ಕೂತಿದೆ. ಅದನ್ನು ಕೊಡೋಕೆ ಅವರಿಗೆ ಮನಸ್ಸಿಲ್ಲ. ಮಾತುಕತೆ ನಡೆಯುತ್ತಿದೆ.