‘ಬೈ’ ಕೊನೆಗೆ ಬರಲಿ

ತೀರ್ಥಹಳ್ಳಿ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಆಕ್ಟಿವ್ (ಕರ್ತರಿ) ವಾಕ್ಯವನ್ನು ಪ್ಯಾಸಿವ್ (ಕರ್ಮಣಿ) ಮಾಡಿ ಎಂದರೆ ಮಕ್ಕಳು ಮೊದಲು ಕರ್ತೃ, ಕರ್ಮ ಅದಲುಬದಲು ಮಾಡಿ, ನಡುವೆ ‘ಬೈ’ (by, ಅಂದರೆ ‘ಇಂಥವರಿಂದ’) ಸೇರಿಸಿಬಿಡುತ್ತಾರೆ. ಕ್ರಿಯಾಪದಕ್ಕೆ ಬರುವ ಹೊತ್ತಿಗೆ ವಾಕ್ಯ ಕೈತಪ್ಪಿರುತ್ತದೆ. ಹಾಗಾಗಿ ನಾನು ಕ್ರಿಯಾಪದವನ್ನೇ ಮೊದಲು ಹಿಡಿಸುತ್ತೇನೆ.

ಅಡಿಕೆ ಕೊಯ್ಲಿನ ಕೆಲಸ ಇದಕ್ಕೆ ಹೇಳಿ ಮಾಡಿಸಿದ್ದು, ಎಲ್ಲ ಮಕ್ಕಳೂ ಕಂಡದ್ದು. ಬೋರ್ಡಿನ ಮೇಲೆ ‘ಮೈ ಮದರ್ ಡ್ರೈಸ್ ದ ನಟ್ಸ್’ ಎಂದು ಬರೆಯುತ್ತೇನೆ. ಅಮ್ಮ ಒಣಗಿಸುವುದು ಏನನ್ನು? ನಟ್ಸ್. ಅದು ಬಹುವಚನ, ಕಾಲ ವರ್ತಮಾನ; ಹಾಗಾದರೆ ‘ಆರ್’. ಜೊತೆಗೆ ಕ್ರಿಯಾಪದದ ಮೂರನೇ ರೂಪ: ‘ದ ನಟ್ಸ್ ಆರ್ ಡ್ರೈಡ್’. ಬಹಳ ಮಕ್ಕಳು ಇಲ್ಲಿ ‘ಈಸ್’ ಬರೆಯುತ್ತಾರೆ, ‘ಡ್ರೈಸ್’ನ ಕೊನೆಯ ಎಸ್ ನೋಡಿ. ಆ ಎಸ್ ಅಮ್ಮನಿಗೆ ಸೇರಿದ್ದು, ಅಡಿಕೆಗಲ್ಲ ಎಂದರೆ ತಕ್ಷಣ ತಿದ್ದಿಕೊಳ್ಳುತ್ತಾರೆ.

ಕಾಲ ಬದಲಾದರೆ ಬದಲಾಗುವುದು ‘ಬಿ’ ಭಾಗ ಮಾತ್ರ, ಅಂದರೆ ‘ಡ್ರೈಡ್’ಗೆ ಮುಂಚೆ ಬರುವ ‘ಆರ್’ನಂಥ ಸಹಾಯಕ ಕ್ರಿಯಾಪದ. ನಿನ್ನೆಯದಕ್ಕೆ ‘ವರ್ ಡ್ರೈಡ್’, ನಡೆಯುತ್ತಿದ್ದರೆ ‘ಆರ್ ಬೀಯಿಂಗ್ ಡ್ರೈಡ್’, ಮುಗಿದಿದ್ದರೆ ‘ಹ್ಯಾವ್ ಬೀನ್ ಡ್ರೈಡ್’, ನಾಳೆಗೆ ‘ವಿಲ್ ಬಿ ಡ್ರೈಡ್’. ‘ಡ್ರೈಡ್’ ಕದಲುವುದೇ ಇಲ್ಲ. ಇದನ್ನು ಬಾಯಲ್ಲಿ ಹೇಳಿಸದೆ ನಾನು ಮುಂದೆ ಹೋಗುವುದಿಲ್ಲ. ‘ಬೀಯಿಂಗ್’ ಬಿಟ್ಟರೆ ಏನಾಗುತ್ತದೆಂದು ತೋರಿಸಲು ಮಂಗಗಳನ್ನು ಕರೆತರುತ್ತೇನೆ: ‘ದ ಮಂಕೀಸ್ ಆರ್ ಈಟಿಂಗ್ ದ ಬನಾನಾಸ್’. ಇದನ್ನು ತಿರುಗಿಸಿ ‘ದ ಬನಾನಾಸ್ ಆರ್ ಈಟಿಂಗ್’ ಎಂದರೆ ಬಾಳೆಹಣ್ಣೇ ತಿನ್ನುತ್ತಾ ಕೂತಂತಾಯಿತು. ‘ಆರ್ ಬೀಯಿಂಗ್ ಈಟನ್’ ಆಮೇಲೆ ಯಾರಿಗೂ ಮರೆಯುವುದಿಲ್ಲ.

‘ಬೈ’ ಕೊನೆಗೆ, ಅದೂ ಬೇಕಿದ್ದರೆ. ‘ಲಿಂಗನಮಕ್ಕಿ ಡ್ಯಾಮ್ ವಾಸ್ ಬಿಲ್ಟ್ ಅಕ್ರಾಸ್ ದ ಶರಾವತಿ’ ಎಂದ ಮೇಲೆ ‘ಬೈ ಪೀಪಲ್’ ಎಂದು ಸೇರಿಸಿ ಪ್ರಯೋಜನವಿಲ್ಲ. ‘ಅವರ್ ಸ್ಟೇಟ್ ಆಂಥೆಮ್ ವಾಸ್ ರಿಟನ್ ಬೈ ಕುವೆಂಪು’ ಎಂಬಲ್ಲಿ ಬರೆದವರನ್ನು ಬಿಟ್ಟರೆ ಹೇಳಬೇಕಾದದ್ದೇ ಹೋಯಿತು. ನಮ್ಮ ತೀರ್ಥಹಳ್ಳಿ ಸೀಮೆಯವರ ಹೆಸರು ಬಿಡಲು ಮಕ್ಕಳೂ ಒಪ್ಪುವುದಿಲ್ಲ.

‘ದ ತುಂಗಾ ಫ್ಲೋಸ್ ಥ್ರೂ ತೀರ್ಥಹಳ್ಳಿ’ ಕೊಟ್ಟಾಗ ಕ್ಲಾಸು ಸುಮ್ಮನಾಗುತ್ತದೆ. ಏನನ್ನು ಎಂದು ಕೇಳಿದರೆ ಉತ್ತರವಿಲ್ಲ. ಕರ್ಮವಿಲ್ಲ, ಹಾಗಾಗಿ ಪ್ಯಾಸಿವೂ ಇಲ್ಲ. ‘ಅಜ್ಜ ಗೇವ್ ಮಿ ಎ ಪೆನ್’ ಇದಕ್ಕೆ ತದ್ವಿರುದ್ಧ, ಅಲ್ಲಿ ಎರಡು ಕರ್ಮ. ‘ಐ ವಾಸ್ ಗಿವನ್ ಎ ಪೆನ್’ ಎಂದು ಬರೆದವರಿಗೂ ‘ಎ ಪೆನ್ ವಾಸ್ ಗಿವನ್ ಟು ಮಿ’ ಎಂದು ಬರೆದವರಿಗೂ ನಾನು ಪೂರ್ತಿ ಅಂಕ ಕೊಡುತ್ತೇನೆ.